ಅಡ್ಡಪಟ್ಟಿ ಬೇಡವೆಂದ ಮೇಸ್ತ್ರಿ

ಅದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಮಾವ, ಅಮ್ಮನ ಅಣ್ಣ. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಮ್ಮ ಗೋಧಿ ಪಾಯಸ ಮಾಡಿದ್ದಳು. ಮಾವ ಎರಡು ಸಲ ಹಾಕಿಸಿಕೊಂಡು ಉಂಡು, ಜಗಲಿಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ಡಿಗ್ರಿ ಎಲ್ಲ ನಮ್ಮ್ ಮನಿ ಬಾಗ್ಲಿಗ್ ಬಪ್ಪುದಲ್ಲ. ಇಷ್ಟ್ ಕಲ್ತದ್ದೇ ಹೆಚ್ಚಾಯ್ತ್. ಬೊಂಬಾಯಿಗ್ ಹೋಯ್ಲಿ. ಲೆಕ್ಕ ಬತ್ತಲ, ಹೋಟ್ಲಂಗೆ ಗಲ್ಲೆ ಮೇಲೆ ಕೂಕಣ್ಲಿ."

ನಮ್ಮದು ಅಳಿಯಸಂತಾನದ ಮನೆ. ಅಪ್ಪ ತಮ್ಮ ತಾಯಿಯ ಮನೆಯ ಬೇಸಾಯ ನೋಡಿಕೊಂಡು ಕೊಕ್ಕರ್ಣೆಯ ಕಡೆ ಇದ್ದರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮಾವ ಒಂದು ಮಾತು ಆಡಿದರೆ ಅದರ ಮೇಲೆ ಇನ್ನೊಂದಿಲ್ಲ. ಹಾಗಾಗಿ ನನ್ನ ಓದು ಅಂದೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಮ್ಮ ಮನೆತನದಲ್ಲಿ ಮೊದಲ ಗ್ರಾಜುಯೇಟು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟೇ ಪಡೆದದ್ದು. ಆದರೆ ಅದು ಆಗುತ್ತದೆ ಎಂದು ಆ ಕಾಲದಲ್ಲಿ ನಂಬಿದ್ದವರು ಒಬ್ಬರೇ. ಅವರಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಕುಂದಾಪುರದಲ್ಲಿ ಹೊಳೆ ದಾಟುವ ಕಡವಿನಲ್ಲಿ ಅವರ ಮೋಟಾರು ರಿಪೇರಿಯ ಶೆಡ್ಡಿತ್ತು.

ಮೊನ್ನೆ ಬೈಂದೂರಿನಲ್ಲಿ ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದಾಗ, ಹಿಂದೆ ಕಡವಿನಲ್ಲಿ ದೋಣಿ ನಡೆಸುತ್ತಿದ್ದವನೊಬ್ಬ ಗುರುತು ಹಿಡಿದು ಮಾತಾಡಿಸಿದ. ಅದೂ ಇದೂ ಹೇಳಿ, ಬಸ್ಸು ಬಂದ ಮೇಲೆ ನೆನಪಾದವನಂತೆ, "ನಿಮ್ಗ್ ಗೊತ್ತಾಯ್ತಾ ಮಾಷ್ಟ್ರೆ, ನಮ್ಮ್ ಮೇಸ್ತ್ರಿ ಹೋದ್ರಂಬ್ರ್. ಕಾರವಾರದ್ ಬದಿಯಂಗೆ. ಮಳಿ ಹಿಡುಕ್ ಮುಂಚೆಯೇ," ಎಂದ. ಮಳೆ ಹಿಡಿದು ಎರಡು ತಿಂಗಳಾಗಿತ್ತು. ಎರಡು ತಿಂಗಳು ಆ ಮನುಷ್ಯ ಈ ಲೋಕದಲ್ಲಿ ಇಲ್ಲದೆ ನಾನು ಪಾಠ ಮಾಡಿದ್ದೆ, ಉಂಡಿದ್ದೆ, ನಕ್ಕಿದ್ದೆ. ಬಸ್ಸು ಹತ್ತಿ ಕುಳಿತೆ. ಅವರ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲವೆಂಬುದು ಮರವಂತೆ ದಾಟುವಾಗ ಹೊಳೆಯಿತು.

ಆದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಅವರು ಗಿಡ್ಡ ಆಳು. ಬಲ ಭುಜ ಎಡಕ್ಕಿಂತ ಒಂದು ಬೆರಳು ಕೆಳಗೆ. ಖಾಕಿ ಚಡ್ಡಿ, ಹೆಗಲ ಮೇಲೆ ಬೈರಾಸ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು. ಕಾಲಿಗೆ ಮೆಟ್ಟು ಹಾಕಿದ್ದನ್ನು ನಾನು ನೋಡಿಲ್ಲ. ಸೊಂಟದ ಉಡಿದಾರಕ್ಕೆ ಬಲೆ ನೇಯುವ ನೂಲಿನ ಒಂದು ಉಂಡೆ ಸದಾ ಸಿಕ್ಕಿಸಿರುತ್ತಿತ್ತು. ಯಾರಾದರೂ ಕಾರು ತಂದು ನಿಲ್ಲಿಸಿದರೆ ಕೂಡಲೇ ಬಾನೆಟ್ಟು ಎತ್ತುವವರಲ್ಲ. ಮೂರು ಸುತ್ತು ಬರುತ್ತಿದ್ದರು, ಹಸುವಿನ ಬೆನ್ನು ಸವರುವ ಹಾಗೆ ಕಾರಿನ ತಲೆಯ ಮೇಲೆ ಅಂಗೈ ಆಡಿಸುತ್ತಿದ್ದರು, ಆಮೇಲೆ ಮಾಲೀಕನನ್ನು ಕೇಳುತ್ತಿದ್ದರು: "ಎಂತ ಹೇಳತ್ತ್ ಇದ್?" ಮಾಲೀಕ ತನಗೆ ತೋಚಿದ್ದು ಹೇಳುತ್ತಿದ್ದ. ಅವರು ಕೇಳಿಸಿಕೊಂಡು, "ಅದ್ ನೀವ್ ಹೇಳುದ್. ಅದ್ ಎಂತ ಹೇಳತ್ತ್ ಕಾಂಬ," ಎಂದು ನೆಲದ ಮೇಲೆ ಮಲಗಿ ಕಾರಿನ ಅಡಿಗೆ ಸರಿಯುತ್ತಿದ್ದರು.

ವಿಚಿತ್ರವೆಂದರೆ ಅವರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಕಲಿಯುವ ಮನಸ್ಸೂ ಮಾಡಲಿಲ್ಲ. ರಿಪೇರಿ ಮಾಡಿದ ಕಾರನ್ನು ಪರೀಕ್ಷಿಸಬೇಕಾದರೆ ಮಾಲೀಕನೇ ನಡೆಸಬೇಕು, ಇವರು ಹಿಂದಿನ ಸೀಟು ತೆಗೆಸಿ ಬರಿಯ ತಗಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ಊರಿ ಕಣ್ಣು ಮುಚ್ಚುತ್ತಿದ್ದರು. ಕೋಟೇಶ್ವರದ ತನಕ ಹೋಗಿ ಬರುವಷ್ಟರಲ್ಲಿ ಎಲ್ಲಿ ಏನಾಗಿದೆ ಎಂದು ತಿಳಿಯುತ್ತಿತ್ತು. ಸ್ಟೇರಿಂಗು ಹಿಡಿದವನಿಗೆ ರಸ್ತೆ ಕಾಣುತ್ತದೆ, ಕಾರು ಕಾಣುವುದಿಲ್ಲ ಎಂಬುದು ಅವರ ಮಾತು.

ಒಮ್ಮೆ ಊರಿನ ಡಾಕ್ಟರು ಹೊಸ ಕಾರು ತಂದರು. ಓಡುವಾಗ ಎಲ್ಲೋ ಟಕ್ ಟಕ್ ಎನ್ನುತ್ತಿತ್ತು. ಮಂಗಳೂರಿನಲ್ಲಿ ಎರಡು ಕಡೆ ತೋರಿಸಿ ಬಂದಿದ್ದರು. ಒಬ್ಬರು ಚಾಸಿಸ್, ಅಂದರೆ ಅಡಿಯ ಚೌಕಟ್ಟು ಸಡಿಲ ಎಂದಿದ್ದರಂತೆ, ಇನ್ನೊಬ್ಬರು ಇಂಜಿನ್ನಿನ ಮೇಲೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿ ಬಿಗಿ ಮಾಡಬೇಕೆಂದಿದ್ದರಂತೆ. ಮೇಸ್ತ್ರಿ ಒಂದು ಸುತ್ತು ಕೂತು ಬಂದು ಎಡಬಾಗಿಲ ಒಳಗಿನ ಹಲಗೆ ಬಿಚ್ಚಿ, ಕೈ ಹಾಕಿ, ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಹೊರತೆಗೆದರು. ಡಾಕ್ಟರ ಅತ್ತೆಯದು. ಗಾಜಿನ ಸಂದಿಯಿಂದ ಒಳಗೆ ಜಾರಿ ಬಿದ್ದಿತ್ತು. ಇದಕ್ಕೇನು ಕಾಯಿಲೆ ಎಂದು ಡಾಕ್ಟರು ನಗುತ್ತಾ ಕೇಳಿದರೆ, ಎಲೆ ಅಡಿಕೆ ತಿನ್ನುವ ಕಾಯಿಲೆ, ಇಂಜಕ್ಷನ್ ಬೇಡ ಎಂದು ಡಬ್ಬಿಯನ್ನು ಬೈರಾಸದಲ್ಲಿ ಒರಸಿ ಕೊಟ್ಟರು.

ಮೊದಲು ಅವರು ಗಂಗೊಳ್ಳಿಯ ಕಡೆ ದೋಣಿ ಕಟ್ಟುವ ಕೆಲಸದಲ್ಲಿದ್ದವರು. ಹಲಗೆಗೆ ಹಲಗೆ ಜೋಡಿಸಿ ತೆಂಗಿನ ಹುರಿಯಲ್ಲಿ ಹೊಲಿಯುವ ದೋಣಿಗಳು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅವರು ಕಡವಿನಲ್ಲಿ ಶೆಡ್ಡು ಹಾಕಿದರು. ಮೋಟಾರಿನ ಕೆಲಸ ಕಲಿಸಿದ್ದು ಯಾರು ಎಂದು ಕೇಳಿದರೆ ದೋಣಿಯೇ ಎನ್ನುತ್ತಿದ್ದರು. "ಮೊಳೆ ಹೊಡ್ದ ದೋಣಿ ಅಲೆ ಹತ್ರ ಜಗಳ ಮಾಡತ್ತ್. ಹೊಲ್ದ ದೋಣಿ ಅಲೆ ಹೇಳ್ದದ್ದ್ ಕೇಳತ್ತ್. ಜಗಳ ಮಾಡ್ದದ್ದ್ ಮುರಿತ್ತ್." ಇದು ಅವರ ಇಡೀ ಶಾಸ್ತ್ರ.

ಆಗ ಕುಂದಾಪುರದಿಂದ ಬಡಗು ಬದಿಗೆ ಹೋಗಲು ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲು ಇತ್ತು. ಕಾರುಗಳು ಅದನ್ನು ಹತ್ತಿ ಹೊಳೆ ದಾಟಬೇಕಿತ್ತು. ದಂಡೆಯಿಂದ ಜಂಗಲಿಗೆ ಎರಡು ಉದ್ದ ಹಲಗೆ ಇಡುತ್ತಿದ್ದರು. ನೀರು ಇಳಿದಿದ್ದಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ, ಕಾರು ಮೈ ತಿರುಚಿಕೊಂಡೇ ಹತ್ತಬೇಕು. ಮಾವನದು ಒಂದು ಹಳೆಯ ವಿಲಾಯತಿ ಕಾರು. ಕುಂದಾಪುರದಿಂದ ಬೈಂದೂರಿಗೆ, ಕೊಲ್ಲೂರಿಗೆ ಸರ್ವಿಸ್ ಹೊಡೆಯುತ್ತಿತ್ತು. ಐದು ಜನ ಕೂರುವಲ್ಲಿ ಒಂಬತ್ತು ಜನ. ದಿನಕ್ಕೆ ನಾಲ್ಕು ಸಲ ಜಂಗಲು ಹತ್ತಿ ಇಳಿದು ಅದರ ಬಾಗಿಲುಗಳು ತಮ್ಮಷ್ಟಕ್ಕೇ ತೆರೆದುಕೊಳ್ಳುವ ಮಟ್ಟಕ್ಕೆ ಬಂದಿದ್ದವು. ಹಿಂದಿನ ಎಡಬಾಗಿಲಿಗೆ ಮಾವ ತೆಂಗಿನ ಹಗ್ಗ ಕಟ್ಟಿದ್ದರು. ಬಾಗಿಲ ಬದಿ ಕೂತವರು ಕೊಲ್ಲೂರು ಮುಟ್ಟುವ ತನಕ ಆ ಹಗ್ಗ ಹಿಡಿದುಕೊಳ್ಳಬೇಕು. ಅದು ಅವರ ಹರಕೆಯ ಒಂದು ಭಾಗ ಎಂದು ಸ್ಟ್ಯಾಂಡಿನವರು ತಮಾಷೆ ಮಾಡುತ್ತಿದ್ದರು.

ಮಾವನಿಗೆ ಅಡ್ಡಪಟ್ಟಿಯ ಹುಚ್ಚು ಹಿಡಿದದ್ದು ಆಗ. ಎದುರಿನ ಎರಡು ಚಕ್ರಗಳ ಮೇಲ್ಭಾಗವನ್ನು ಇಂಜಿನ್ನಿನ ಮೇಲಿಂದ ಹಾಯಿಸಿ ಒಂದಕ್ಕೊಂದು ಬಿಗಿಯುವ ಕಬ್ಬಿಣದ ಪಟ್ಟಿ ಅದು. ಅದನ್ನು ಹಾಕಿದರೆ ಕಾರಿನ ಮೈ ತಿರುಚುವುದಿಲ್ಲ, ಬಾಗಿಲು ಅಲ್ಲಾಡುವುದಿಲ್ಲ ಎಂದು ನಂಬಿಕೆ. ಉಡುಪಿಯ ಕಡೆಯ ಒಂದಿಬ್ಬರು ಮಂಗಳೂರಿನಲ್ಲಿ ಹಾಕಿಸಿಕೊಂಡು ಬಂದು ಬಾನೆಟ್ಟು ಎತ್ತಿ ತೋರಿಸಿ ಹೋಗಿದ್ದರು. ಮಾವ ವರ್ಷ ವರ್ಷವೂ ಕೇಳುತ್ತಿದ್ದರು. ಮೇಸ್ತ್ರಿ ವರ್ಷ ವರ್ಷವೂ ಬೇಡವೆನ್ನುತ್ತಿದ್ದರು. ಅವರ ಕಾರು ಸಪಾಟು ರಸ್ತೆಯಲ್ಲಿ ಓಡುತ್ತದೆ, ನಿಮ್ಮದು ಜಂಗಲು ಹತ್ತುತ್ತದೆ, ಹತ್ತುವಾಗ ಎಲ್ಲಾದರೂ ಒಂದು ಕಡೆ ಬಗ್ಗಲೇಬೇಕು, ಮುಂದೆ ಬಗ್ಗಬೇಡ ಎಂದರೆ ಹಿಂದೆ ಮುರಿಯುತ್ತದೆ ಎಂದು ವಾದ. "ಸೇತುವೆ ಆಯ್ಲಿ ಶೆಟ್ರೆ, ಆಗ ಬೇಕಾರೆ ಒಂದಲ್ಲ ಎರಡ್ ಹಾಕುವ."

ಸುಮ್ಮನೆ ವಾದಿಸುವವರಲ್ಲ ಅವರು. ನೂಲು ಕಟ್ಟಿ ತೋರಿಸುತ್ತಿದ್ದರು. ಕಾರಿನ ಅಡಿಯಲ್ಲಿ ಎದುರಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಒಂದು ನೂಲು, ಎದುರಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ ಇನ್ನೊಂದು. ನಟ್ಟನಡುವೆ ಎರಡೂ ತಾಗಿಯೂ ತಾಗದ ಹಾಗೆ. ಕಾರು ಜಂಗಲು ಹತ್ತುವಾಗ ಹಲಗೆಯ ಪಕ್ಕದಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು ಆ ನಡುವನ್ನೇ ನೋಡುತ್ತಿದ್ದರು. ಮೈ ತಿರುಚಿದರೆ ನೂಲುಗಳ ನಡುವೆ ಸಂದು ಬಿಡುತ್ತಿತ್ತು, ಇಲ್ಲವೆ ಒಂದು ಇನ್ನೊಂದನ್ನು ಒತ್ತುತ್ತಿತ್ತು. ಆಮೇಲೆ ಎದುರಿನ ಅರ್ಧಕ್ಕೆ ಬೇರೆ, ಹಿಂದಿನ ಅರ್ಧಕ್ಕೆ ಬೇರೆ ಕಟ್ಟಿ ನೋಡುತ್ತಿದ್ದರು. ದೋಣಿ ಕಟ್ಟುವಾಗ ಹಲಗೆ ಸಮ ಕೂತಿದೆಯೇ ಎಂದು ನೋಡುವ ಕ್ರಮವೇ ಇದು ಎಂದು ನನಗೆ ಹೇಳಿದ್ದರು. ಮಾವನ ಕಾರಿಗೆ ನೂಲು ಹೇಳಿದ್ದು ಇಷ್ಟು: ಚಾಸಿಸ್ ಸರಿ ಇದೆ, ಅದರ ಮೇಲೆ ಮೈ ಕೂತಿರುವ ಕಡೆಯ ರಬ್ಬರು ಸತ್ತಿದೆ, ಟಯರಿನ ತುಂಡು ಕತ್ತರಿಸಿ ಇಟ್ಟರೆ ಸಾಕು. ಮಾವನಿಗೆ ಇದು ರುಚಿಸಲಿಲ್ಲ. ಹಳೇ ಟಯರಿನ ತುಂಡಿನಲ್ಲಿ ಎಂಥ ಗತ್ತು?

ನನ್ನ ಓದಿಗೂ ಅವರು ಹೇಳಿದ್ದು ಇದೇ ಶಾಸ್ತ್ರ. ಎಸ್ಸೆಸ್ಸೆಲ್ಸಿ ಪಾಸಾದ ಮರುವಾರ ಜಂಗಲಿನ ಮೇಲೆ, ಮೇಸ್ತ್ರಿಯೂ ಜೊತೆಗಿದ್ದಾಗ, ಮಾವ ಬೊಂಬಾಯಿಯ ಸುದ್ದಿ ತೆಗೆದರು. ಆ ಶೆಡ್ಡಿನ ಬೆಂಚಿನ ಮೇಲೆ ಕೂತು ಮಾವನ ಕಾರಿಗೆ ಕಾಯುತ್ತಾ ನಾನು ಹೈಸ್ಕೂಲಿನ ಅರ್ಧ ಪಾಠ ಓದಿದವನು. ಅದನ್ನು ನೋಡುತ್ತಿದ್ದವರು ಅವರು. "ಶೆಟ್ರೆ, ಮಾಣಿ ಓದ್ಲಿ. ಎಲ್ಲಾ ಬದಿಯೂ ಬಿಗಿ ಹಿಡ್ಕಣ್ಬೇಡಿ. ಒಂದ್ ಬದಿ ಬಿಡಿ," ಎಂದರು. ಬೇರೆ ಯಾರು ಹೇಳಿದ್ದರೂ ಮಾವ ಕೇಳುತ್ತಿರಲಿಲ್ಲ. ಅವರ ಕಾರಿನ ಜೀವ ಈ ಮನುಷ್ಯನ ಕೈಯಲ್ಲಿತ್ತು. ಹೊಳೆಯ ನಡುವೆ ಬರುವಾಗ ಒಪ್ಪಿದರು, ಒಂದು ಕರಾರಿನ ಮೇಲೆ. ಎಲ್ಲಿ ಒಂದು ತಪ್ಪು ಮಾಡಿದೆನೋ ಮರುದಿನವೇ ಬೊಂಬಾಯಿ. ಬೊಂಬಾಯಿಯ ಹೋಟೆಲಿನ ನೆಂಟರಿಂದ ಬಂದ ಕಾಗದವನ್ನು ಹರಿಯದೆ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು.

ಉಡುಪಿಯ ಕಾಲೇಜಿಗೆ ಸೇರಿದೆ. ಬಿ.ಎಸ್ಸಿ., ಭೌತಶಾಸ್ತ್ರ. ಶನಿವಾರ ಊರಿಗೆ ಬರುವಾಗ ಶೆಡ್ಡಿನಲ್ಲಿ ಇಳಿಯದೆ ಮುಂದೆ ಹೋದವನಲ್ಲ. ಈ ವಾರ ಎಂತ ಕಲಿತೆ ಎಂದು ಅವರು ಕೇಳಬೇಕು, ನಾನು ಹೇಳಬೇಕು. ಸನ್ನೆಕೋಲು, ರಾಟೆ, ಉಗಿಯ ಯಂತ್ರ. ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಅವರಿಗೆ ಹೇಳಲು ಕನ್ನಡಕ್ಕೆ ತರಬೇಕಿತ್ತು. ತರುವಾಗಲೇ ನನಗೆ ಅರ್ಥವಾಗುತ್ತಿತ್ತು. ಇವತ್ತು ನಾನು ಒಳ್ಳೆಯ ಮಾಸ್ತರ ಎಂದು ಯಾರಾದರೂ ಹೇಳಿದರೆ ಅದು ಆ ಬೆಂಚಿನಲ್ಲಿ ಕಲಿತದ್ದು.

ಕಾಲೇಜಿನ ಕೊನೆಯ ವರ್ಷ. ಮಾವನ ಕಾರಿನ ಎಫ್.ಸಿ. ಮುಗಿಯುವುದರಲ್ಲಿತ್ತು. ಓಡಲು ಯೋಗ್ಯ ಎಂದು ವರ್ಷಕ್ಕೊಮ್ಮೆ ಸರಕಾರ ಕೊಡುವ ಆ ಕಾಗದವಿಲ್ಲದೆ ಸರ್ವಿಸ್ ಹೊಡೆಯುವಂತಿಲ್ಲ. ಬಾಗಿಲುಗಳು ಹೀಗೇ ಇದ್ದರೆ ಮುಂದಿನ ಸಲ ಕೊಡುವುದಿಲ್ಲ ಎಂದು ಇನ್ಸ್‌ಪೆಕ್ಟರು ಹಿಂದಿನ ವರ್ಷವೇ ಹೇಳಿದ್ದರು. ಬ್ರಹ್ಮಾವರದಲ್ಲಿ ತಪಾಸಣೆಗೆ ಇನ್ನು ಹದಿನೈದು ದಿನ. ಮಾವನಿಗೆ ಜ್ವರ ಬಂತು. ಕಾರನ್ನು ಶೆಡ್ಡಿನಲ್ಲಿ ಬಿಟ್ಟು, ಏನು ಬೇಕಾದರೂ ಮಾಡಿ, ಎಫ್.ಸಿ. ಸಿಕ್ಕಿದರೆ ಸಾಕು ಎಂದು ಹೇಳಿ ಮನೆಗೆ ಹೋಗಿ ಮಲಗಿದರು. ಕಾಗದ ಸಿಗದಿದ್ದರೆ ಕಾರು ಅಂಗಳದಲ್ಲಿ ನಿಲ್ಲುತ್ತದೆ, ನನ್ನ ಪರೀಕ್ಷೆಯೂ ನಿಲ್ಲುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಆ ಶನಿವಾರ ನಾನು ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆದುಕೊಂಡು ಹೋಗಿದ್ದೆ. ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಹಾಗಾಗಿ ಬರಿಯ ಅಡ್ಡಪಟ್ಟಿಯಲ್ಲ, ಅದರ ಎರಡು ತುದಿಗಳಿಂದ ಹಿಂದಕ್ಕೆ ಎರಡು ಓರೆ ಪಟ್ಟಿ, ಅವು ಎದುರುಗಾಜಿನ ಕೆಳಗಿನ ತಗಡಿಗೆ ಹೋಗಿ ಸೇರುವುದು, ಒಟ್ಟಿಗೆ ಒಂದು ತ್ರಿಕೋನ. ಪುಸ್ತಕದಲ್ಲಿದ್ದದ್ದು ಮಾಡಿನ ಜಂತಿಯ ಚಿತ್ರ. ಅದನ್ನು ಕಾರಿಗೆ ಹಾಕಿದವನು ನಾನು.

ಮೇಸ್ತ್ರಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅಕ್ಷರ ಬಾರದಿದ್ದರೂ ಗೆರೆ ಅವರಿಗೆ ಚೆನ್ನಾಗಿ ಓದಲು ಬರುತ್ತಿತ್ತು.

"ಪುಸ್ತಕದಂಗೆ ಹೀಂಗೇ ಇತ್ತಾ?"

ಇದೆ ಎಂದೆ.

"ನಾನ್ ಶಾಲಿಗ್ ಹೋದವನಲ್ಲ," ಎಂದರು. ಗೆರೆಯ ಮೇಲೆ ಬೆರಳು ಆಡಿಸಿ, "ನೀನ್ ಇಷ್ಟ್ ವರ್ಷ ಕಲ್ತದ್ದ್ ಸುಳ್ಳಾಪುಕಿಲ್ಲೆ."

ಆಮೇಲೆ ಅಭ್ಯಾಸಬಲದಿಂದ ಸೊಂಟದ ನೂಲಿನ ಉಂಡೆಗೆ ಕೈ ಹಾಕಿದರು. ನಾನು ನಕ್ಕೆ. ಲೆಕ್ಕ ಮಾಡಿ ಆಗಿದೆ ಮೇಸ್ತ್ರಿ, ಇನ್ನು ನೂಲು ಯಾಕೆ ಎಂದೆ. ಅವರು ಕೈ ತೆಗೆದರು.

ಈ ಒಂದು ನಗುವನ್ನು ನಾನು ಎಷ್ಟು ಸಲ ವಾಪಸು ತೆಗೆದುಕೊಂಡಿದ್ದೇನೋ. ಊರಿನ ಸಾವುಕಾರರಿಗೆ, ಡಾಕ್ಟರಿಗೆ, ಮಂಗಳೂರಿನ ದೊಡ್ಡ ಕಾರ್ಖಾನೆಯವರ ಮಾತಿಗೆ ಬಗ್ಗದ ಮನುಷ್ಯ. ಎಂಟು ವರ್ಷ ಅಡ್ಡಪಟ್ಟಿ ಬೇಡವೆಂದು ಹಟ ಹಿಡಿದವರು. ಒಬ್ಬ ಹುಡುಗನ ನೋಟ್‌ಬುಕ್ಕಿನ ಎದುರು ತಮ್ಮ ನೂಲನ್ನು ಕೆಳಗಿಟ್ಟರು. ನನ್ನ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ವಿದ್ಯೆಯ ಮೇಲಿನ ಭಕ್ತಿ ಅದು. ತಮಗೆ ಸಿಗದ ವಿದ್ಯೆ ತಪ್ಪಾಗಲು ಸಾಧ್ಯ ಎಂದು ಅವರಿಗೆ ತೋಚಲಿಲ್ಲ.

ಎರಡು ದಿನ ಕೂತು ಪಟ್ಟಿ ಬಡಿದು, ತೂತು ಕೊರೆದು, ಬೋಲ್ಟು ಹಾಕಿ ಬಿಗಿದರು. ಬಾಗಿಲುಗಳು ಕಿಟಕಿಯ ಅಗುಳಿಯ ಹಾಗೆ ಟಿಕ್ ಎಂದು ಕೂತವು. ಮಾವ ಜ್ವರ ಬಿಟ್ಟು ಬಂದು ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ, ತೆಂಗಿನ ಹಗ್ಗವನ್ನು ಬಿಚ್ಚಿ ಹೊಳೆಗೆ ಎಸೆದರು. ಅಂತೂ ನಮ್ಮ ಮೇಸ್ತ್ರಿಗೆ ಬುದ್ಧಿ ಬಂತು ಎಂದು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದರು. ಚಿತ್ರ ನನ್ನದು ಎಂದು ಹೇಳಲು ನನಗೆ ನಾಲಿಗೆ ತುದಿಯ ತನಕ ಬಂದಿತ್ತು. ಎಫ್.ಸಿ. ಸಿಕ್ಕಿದ ಮೇಲೆ ಹೇಳೋಣ ಎಂದು ತಡೆದುಕೊಂಡೆ.

ಮುಂದಿನ ಶನಿವಾರ ಮಧ್ಯಾಹ್ನ. ಕೊಲ್ಲೂರಿನಿಂದ ದೇವಿಯ ದರ್ಶನ ಮುಗಿಸಿ ಬರುತ್ತಿದ್ದ ಯಾತ್ರಿಕರು ಕಾರು ತುಂಬ. ಕಾಲೇಜಿಗೆ ರಜೆಯಿತ್ತು, ಕುಂದಾಪುರದಲ್ಲಿ ಕೆಲಸವಿದ್ದುದರಿಂದ ನಾನು ಎದುರು ಸೀಟಿನಲ್ಲಿ ಮಾವನ ಪಕ್ಕದಲ್ಲಿದ್ದೆ. ಹೊಳೆಯಲ್ಲಿ ನೀರು ಪೂರಾ ಇಳಿದಿತ್ತು. ಒಂದು ಹಲಗೆಯ ಬುಡ ಹೊಯಿಗೆಯಲ್ಲಿ ಕುಸಿದಿತ್ತು. ಎಡ ಚಕ್ರ ಮೇಲೆ ಏರಿತು, ಬಲ ಚಕ್ರ ಕೆಳಗೇ ಉಳಿಯಿತು. ಯಾವಾಗಲೂ ಆ ಹೊತ್ತಿನಲ್ಲಿ ಕಾರು ಒಮ್ಮೆ ಮುಲುಗಿ, ಮೈ ಮುರಿದು, ಹತ್ತಿಬಿಡುತ್ತಿತ್ತು. ಅಂದು ಮುಲುಗಲಿಲ್ಲ. ಒಣ ಹಪ್ಪಳ ಮುರಿದಂತೆ ಒಂದು ಸದ್ದಾಯಿತು. ಎದುರುಗಾಜು ಕೆಳಗಿನ ಮೂಲೆಯಿಂದ, ನನ್ನ ಓರೆ ಪಟ್ಟಿ ಬಂದು ಸೇರಿದ್ದ ಜಾಗದಿಂದಲೇ, ಮೇಲಿನ ತನಕ ಸೀಳಿತು. ಹಿಂದಿನವರು ದೇವಿಯ ಹೆಸರು ಹೇಳಿದರು. ಯಾರಿಗೂ ಏನೂ ಆಗಲಿಲ್ಲ.

ಮಾವ ಹಾಗೆಯೇ ಕಾರನ್ನು ಜಂಗಲಿಗೆ ಹತ್ತಿಸಿದರು, ಹೊಳೆ ದಾಟಿದೆವು. ಆಚೆ ದಂಡೆಯಲ್ಲಿ ಮೇಸ್ತ್ರಿ ನಿಂತಿದ್ದರು. ಬಿಸಿಲಿಗೆ ಗಾಜಿನ ಸೀಳು ದೂರದಿಂದಲೇ ಹೊಳೆದಿರಬೇಕು, ನೀರಿನ ತನಕ ಇಳಿದು ಬಂದಿದ್ದರು. ಮಾವ ಕಾರು ಇಳಿಸಿ, ಯಾತ್ರಿಕರನ್ನು ಬೇರೆ ಕಾರಿಗೆ ಹತ್ತಿಸಿ, ಬಾನೆಟ್ಟು ಎತ್ತಿದರು.

"ಎಂಟ್ ವರ್ಷ ಬ್ಯಾಡ ಬ್ಯಾಡ ಅಂದ್, ಕಡಿಗ್ ಎಂತಕ್ ಹಾಕ್ದ್ರಿ ಮೇಸ್ತ್ರಿ? ಇದ್ ಯಾರ್ ತಲಿಗ್ ಬಂದ ಬುದ್ಧಿ?"

ನನ್ನ ನೋಟ್‌ಬುಕ್ಕು ನನ್ನ ಕೈಯಲ್ಲೇ ಇತ್ತು. ಟ್ರಂಕಿನಲ್ಲಿದ್ದ ಬೊಂಬಾಯಿಯ ಕಾಗದ ಕಣ್ಣಿಗೆ ಕಟ್ಟಿತು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಮೇಸ್ತ್ರಿ ಹೇಳಿಬಿಟ್ಟರು:

"ನಂದೇ ಅಂದಾಜ್ ತಪ್ಪ್ತ್ ಶೆಟ್ರೆ. ವಯಸ್ಸಾಯ್ತಲ."

ಮಾವ ಪಟ್ಟಿಯ ಕಡೆ ನೋಡಿದರು, ಮೇಸ್ತ್ರಿಯ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ. ಗಾಜು ಮಂಗಳೂರಿನಿಂದ ತರಿಸಬೇಕು, ನಾಲ್ಕು ದಿನವಾದರೂ ಬೇಕು ಎಂದಷ್ಟೇ ಹೇಳಿ ನಡೆದು ಹೋದರು. ಚಿತ್ರ ನನ್ನದು ಎಂದು ನಾನು ಹೇಳಲಿಲ್ಲ.

ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಸ್ಪ್ಯಾನರು ಕೊಡು ಎಂದರು. ಓರೆ ಪಟ್ಟಿ ಎರಡನ್ನೂ ಬಿಚ್ಚಿದರು, ಅಡ್ಡಪಟ್ಟಿಯನ್ನೂ ಬಿಚ್ಚಿದರು. ನೂಲು ಕಟ್ಟಿದರು. ಆ ನಾಲ್ಕು ದಿನ ಕಾರಿನ ಮೈಯನ್ನು ಒಂದೊಂದು ಕಡೆ ಎತ್ತಿ, ಸತ್ತ ರಬ್ಬರು ತೆಗೆದು, ಟಯರಿನ ತುಂಡನ್ನು ಬೇಕಾದ ದಪ್ಪಕ್ಕೆ ಕೆತ್ತಿ ಕೆತ್ತಿ ಇಟ್ಟರು. ಎಂಟು ಕಡೆ. ಬಾಗಿಲ ಕಂಬದ ಬುಡ ನೆಟ್ಟಗೆ ಮಾಡಿದರು. ಹೊಸ ಗಾಜು ಬಂದ ದಿನ ಮಾವನಿಂದ ಕಾರನ್ನು ಖಾಲಿ ಜಂಗಲಿಗೆ ಮೂರು ಸಲ ಹತ್ತಿಸಿ ಇಳಿಸಿ ನೋಡಿದರು. ಹಳೆಯ ಹಾಗೆ ಮುಲುಗಿ ಹತ್ತಿತು, ಇಳಿದ ಮೇಲೆ ಬಾಗಿಲು ಸರಿಯಾಗಿ ಕೂತಿತು. ಬ್ರಹ್ಮಾವರದಲ್ಲಿ ಇನ್ಸ್‌ಪೆಕ್ಟರು ನಾಲ್ಕೂ ಬಾಗಿಲನ್ನು ಒಂದೇ ಬೆರಳಿನಲ್ಲಿ ತಳ್ಳಿ ನೋಡಿ, ಏನು ಮಾಡಿಸಿದಿರಿ ಎಂದು ಕೇಳಿದರಂತೆ. ಮಾವ ಎಫ್.ಸಿ. ಹಿಡಿದುಕೊಂಡು ಬಂದರು. ನಾನು ಪರೀಕ್ಷೆಗೆ ಕುಳಿತೆ.

ಆದರೆ ಕಡವಿನವರು ಮರೆಯಲಿಲ್ಲ. 'ಗಾಜು ಮೇಸ್ತ್ರಿ' ಎಂದು ಹೆಸರು ಬಿತ್ತು. ದೂರದಿಂದ ಕರೆದರೂ ಹಾಗೇ, ಎದುರಿಗೂ ಹಾಗೇ. ಅವರು ಆ ಹೆಸರಿಗೆ ಓಗೊಡುತ್ತಿದ್ದರು. ಹ್ವಾಯ್ ಗಾಜು ಮೇಸ್ತ್ರಿ ಎಂದರೆ ಎಂತ ಮಾರಾಯ ಎನ್ನುತ್ತಿದ್ದರು. ತಪ್ಪು ಅಂದಾಜು ಹೇಳದವರು ಎಂಬ ಒಂದೇ ಆಸ್ತಿ ಅವರಿಗಿದ್ದದ್ದು, ಅದನ್ನು ನನ್ನ ಹೆಸರಿಗೆ ಬರೆದುಕೊಟ್ಟಂತೆ ಸುಮ್ಮನಿದ್ದರು. ಮಾವ ಮಾತ್ರ ಆ ಹೆಸರಿನಿಂದ ಕರೆಯಲಿಲ್ಲ, ಬೇರೆ ಶೆಡ್ಡಿಗೂ ಹೋಗಲಿಲ್ಲ. ಆಗ ನಾನು ಅದನ್ನು ಗಮನಿಸಿರಲಿಲ್ಲ.

ನಡುವಿನ ಶನಿವಾರಗಳಲ್ಲಿ ಇಬ್ಬರೂ ಆ ಮಾತು ಎತ್ತಿರಲಿಲ್ಲ. ಪರೀಕ್ಷೆ ಮುಗಿದ ದಿನ ನೇರ ಶೆಡ್ಡಿಗೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಅದಕ್ಕೆ ಎಡೆಯೇ ಕೊಡಲಿಲ್ಲ. ಆ ತ್ರಿಕೋನದ ಲೆಕ್ಕ ಏನಾಯಿತು ಎಂದು ಕೇಳಿದರು. ಇಷ್ಟು ತಿಂಗಳು ಅವರನ್ನು ಕೊರೆದದ್ದು ಅದೊಂದೇ. ನಾನು ಕಾಲೇಜಿನ ಮಾಸ್ತರರನ್ನು ಕೇಳಿ ತಿಳಿದುಕೊಂಡಿದ್ದೆ. ನೆಲದ ಮೇಲೆ ಅವರ ಕಿವಿಯ ಸೀಮೆಸುಣ್ಣದಿಂದಲೇ ಬರೆದು ಹೇಳಿದೆ. ತ್ರಿಕೋನ ತಾನು ಮಲಗಿರುವ ಸಪಾಟಿನಲ್ಲಿ ಮಾತ್ರ ಗಟ್ಟಿ, ಕಾರು ತಿರುಚುವುದು ಆ ಸಪಾಟಿನಲ್ಲಿ ಅಲ್ಲ. ಎದುರುಭಾಗ ಬಗ್ಗದಿದ್ದಾಗ ಭಾರವೆಲ್ಲ ಪಟ್ಟಿಯ ತುದಿಗೆ ಹೋಯಿತು. ತುದಿಯಲ್ಲಿದ್ದದ್ದು ಗಾಜು.

ಅವರ ಮುಖ ಬಿಚ್ಚಿಕೊಂಡಿತು. ಅಷ್ಟು ಸಮಾಧಾನವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

"ಹಂಗಾರೆ ಪುಸ್ತಕ ಸುಳ್ಳಲ್ಲ," ಎಂದರು. "ನಾವ್ ಓದಿದ್ದ್ ತಪ್ಪ್."

ನಾವು ಎಂದರು. ಅಕ್ಷರ ಬಾರದವರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಸೇತುವೆಯ ಕಂಬಗಳು ಆಗಲೇ ನೀರಿನಿಂದ ಎದ್ದಿದ್ದವು. ಜಂಗಲು ನಿಂತರೆ ಕಡವಿನಲ್ಲಿ ಯಾರಿಗೂ ಕೆಲಸವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮೀನು ಹಿಡಿಯುವ ದೋಣಿಗಳಿಗೆ ಇಂಜಿನ್ನು ಬರುತ್ತಿದ್ದ ಕಾಲ. ಮಗಳ ಗಂಡ ಕಾರವಾರದ ಕಡೆ ಇದ್ದ, ಕರೆಸಿಕೊಂಡ. ನಾನು ಬೆಂಗಳೂರಿನಲ್ಲಿ ಯಾವುದೋ ಇಂಟರ್‌ವ್ಯೂಗೆ ಹೋಗಿದ್ದ ವಾರ ಅವರು ಶೆಡ್ಡಿನ ತಗಡು ಬಿಚ್ಚಿ ಹೋದರಂತೆ. ಮತ್ತೆ ದೋಣಿಗೇ ಹೋದರು ಎಂದು ನೆನೆದರೆ ಒಮ್ಮೊಮ್ಮೆ ಸಮಾಧಾನವಾಗುತ್ತದೆ. ಎಷ್ಟೋ ಸಲ ಕಾರವಾರದ ಬಸ್ಸಿನ ಹಲಗೆ ನೋಡಿದ್ದೇನೆ, ಹತ್ತಲಿಲ್ಲ. ಹೋಗಿ ಏನು ಹೇಳುವುದೆಂದು ಸರಿಯಾಗಿ ಗೊತ್ತಾದ ಮೇಲೆ ಹೋಗೋಣ ಎಂದುಕೊಂಡೆ. ಈಗ ಗೊತ್ತಾಗಿದೆ.

ಈಗಲೂ ಸೇತುವೆಯ ಮೇಲೆ ಬಸ್ಸು ಹೋಗುವಾಗ ನಾನು ಎಡಕ್ಕೆ ನೋಡುತ್ತೇನೆ. ಕಡವಿದ್ದ ಜಾಗದಲ್ಲಿ ಬಲೆ ಒಣಗಿಸುತ್ತಾರೆ. ಬಸ್ಸು ಒಂದು ಚೂರೂ ಮುಲುಗುವುದಿಲ್ಲ. ಮುಲುಗಬಾರದೇ ಎನಿಸುತ್ತದೆ.

ಡಿಗ್ರಿಯ ಸರ್ಟಿಫಿಕೇಟು ವಿಶ್ವವಿದ್ಯಾಲಯದಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಾಗ ಮೇಸ್ತ್ರಿ ಕಾರವಾರಕ್ಕೆ ಹೋಗಿ ತಿಂಗಳಾಗಿತ್ತು. ಅಮ್ಮ ಲಕೋಟೆಯನ್ನು ಒಡೆಯಲು ಬಿಡಲಿಲ್ಲ, ಮೊದಲು ಮಾವನ ಕೈಗೆ ಕೊಡು ಎಂದಳು. ಮಾವ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ಕೈಯನ್ನು ಪಂಚೆಗೆ ಒರಸಿ, ಸಾಲದೆಂದು ಮತ್ತೊಮ್ಮೆ ಒರಸಿ, ತೆಗೆದುಕೊಂಡು ಲಕೋಟೆ ಒಡೆದರು. ಅವರು ಬಾಳಿನಲ್ಲಿ ಕಂಡ ಸರ್ಟಿಫಿಕೇಟೆಂದರೆ ಎಫ್.ಸಿ. ಒಂದೇ. ಅದನ್ನು ನೋಡುವ ಹಾಗೆಯೇ ಮೊದಲು ಮೊಹರು ನೋಡಿದರು, ಆಮೇಲೆ ಮಗುಚಿ ಹಿಂಬದಿ ನೋಡಿದರು.

"ಇದ್ ಎಷ್ಟ್ ವರ್ಷಕ್ಕೆ?"

ಇದಕ್ಕೆ ಅವಧಿ ಇಲ್ಲ ಮಾವ, ಜೀವ ಇರುವ ತನಕ ಎಂದೆ.

ಅವರು ತಲೆ ಆಡಿಸಿದರು. ಕಾಗದವನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು, ಬಗ್ಗಿ ಬಾಲ್ದಿ ಎತ್ತಿಕೊಂಡರು. ಕಾರಿನ ಎದುರುಗಾಜಿಗೆ ನೀರು ಹೊಯ್ದು, ನನ್ನ ಕಡೆ ನೋಡದೆ ಹೇಳಿದರು:

"ಎಂಟ್ ವರ್ಷ ಬ್ಯಾಡ ಅಂದವ್ರ್ ತಾವಾಯಿ ಆ ಪಟ್ಟಿ ಹಾಕುವರಲ್ಲ, ಅಷ್ಟ್ ನಂಗ್ ಅವತ್ತೇ ಗೊತ್ತಾಯ್ತ್. ಹೋಯ್ಲಿ. ಗಾಜ್ ಒಡ್ದದ್ದ್ ದಂಡ ಆಯ್ಲಿಲ್ಲ."